ದಾರಿಯಲ್ಲೇ ಕೆಟ್ಟು ಹೋಗಲ್ವಾ?

ನಾನಿರುವುದು ಟೆಕ್ಸಾಸಿನ ಸ್ಯಾನ್ ಆಂಟೋನಿಯೋದಲ್ಲಿ. ಊರ ಸುತ್ತ ಸೇನೆಯ ನೆಲೆಗಳಿವೆ. ಪಕ್ಕದ ಮನೆಯವರ ಮಗಳು ಅಮೆರಿಕದ ಸೇನೆಯಲ್ಲಿದ್ದಾಳೆ, ಹೋದ ವರ್ಷ ಕುವೈತಿನಲ್ಲಿದ್ದಳು. ಅವಳಿಗೆ ಮನೆಯಲ್ಲೇ ಬೇಕ್ ಮಾಡಿದ್ದನ್ನು ಕಳಿಸುತ್ತೇನೆ ಎಂದರೆ ಸಾಕು, ಇಲ್ಲಿನ ಗೆಳತಿಯರಿಂದ ಮೈಸೂರಿನ ಅತ್ತಿಗೆವರೆಗೆ ಎಲ್ಲರದ್ದೂ ಒಂದೇ ಪ್ರಶ್ನೆ: "ಅಲ್ಲಿ ಮುಟ್ಟೋಷ್ಟರಲ್ಲಿ ಕೆಟ್ಟು ಹೋಗಲ್ವಾ?"

ಕೆಡುತ್ತೆ. ನನ್ನ ಮೊದಲ ಡಬ್ಬಿ ಪೂರ್ತಿ ಕೆಟ್ಟಿತ್ತು. ಬಾಳೆಹಣ್ಣಿನ ಬ್ರೆಡ್ ನನ್ನ ಕೈಯಲ್ಲಿ ಚೆನ್ನಾಗಿ ಬರುತ್ತೆ ಅಂತ ಜಂಬದಿಂದ ಅದನ್ನೇ ಕಳಿಸಿದ್ದೆ. ಎರಡೂವರೆ ವಾರದ ನಂತರ ತೆರೆದಾಗ ಹಸಿರು ಬೂಷ್ಟು. ಎರಡನೇ ಸಲ ಚಾಕೊಲೇಟ್ ಚಿಪ್ ಕುಕ್ಕಿ. ಆಗಸ್ಟ್ ತಿಂಗಳು, ಕುವೈತಿನಲ್ಲಿ ಬಿಸಿಲು 45 ಡಿಗ್ರಿ ದಾಟುವ ಕಾಲ. ಎಲ್ಲಾ ಕರಗಿ ಒಂದೇ ಇಟ್ಟಿಗೆಯಾಗಿತ್ತಂತೆ.

ಆಮೇಲೆ ನೆನಪಾಗಿದ್ದು ಅಮ್ಮ. ನನ್ನ ಹಾಸ್ಟೆಲ್ಲಿಗೆ ಅವಳು ಕಳಿಸುತ್ತಿದ್ದದ್ದು ಕೋಡುಬಳೆ, ಶಂಕರಪೋಳಿ. ಒಬ್ಬಟ್ಟನ್ನಲ್ಲ. ನೀರಿನಂಶ ಕಡಿಮೆ ಇದ್ದರೆ ಬೂಷ್ಟಿಗೆ ಜಾಗವಿಲ್ಲ, ಅಷ್ಟೇ. ಹಾಗಾಗಿ ಈಗ ನಾನು ಕಳಿಸುವುದು ಶುಂಠಿ ಬಿಸ್ಕತ್ತು, ಓಟ್ಸ್ ಬಿಸ್ಕತ್ತು, ಎರಡು ಸಲ ಬೇಯುವ ಬಿಸ್ಕಾಟಿ. ಬಿಸ್ಕಾಟಿ ಅಂದರೆ ನಮ್ಮ ರಸ್ಕಿನ ಇಟಲಿಯ ನೆಂಟ. ಕ್ರೀಮು, ಹಣ್ಣು, ಐಸಿಂಗ್ ಇರುವುದು ಯಾವುದೂ ಬೇಡ.

ಕುಕ್ಕಿ ಮೆತ್ತಗಿರಲಿ ಅಂತ ಡಬ್ಬಿಯಲ್ಲಿ ಒಂದು ಬ್ರೆಡ್ ಸ್ಲೈಸ್ ಇಡಲು ಇಲ್ಲಿ ಎಲ್ಲರೂ ಹೇಳುತ್ತಾರೆ. ಪಕ್ಕದೂರಿಗಾದರೆ ಸರಿ. ಮೂರು ವಾರದ ದಾರಿಗೆ ಆ ಬ್ರೆಡ್ಡೇ ಮೊದಲು ಬೂಷ್ಟು ಹಿಡಿಯುತ್ತೆ, ನಾನಂತೂ ಇಡುವುದಿಲ್ಲ. ಬಿಸಿ ಪೂರ್ತಿ ಆರದೆ ಮುಚ್ಚಳ ಹಾಕುವುದೂ ಇಲ್ಲ. ಒಳಗೆ ಬೆವರಿದರೆ ಕಥೆ ಮುಗೀತು. ಶುಂಠಿಯದ್ದನ್ನು ಬೇರೆಯಾಗಿಯೇ ಕಟ್ಟಬೇಕು, ಇಲ್ಲದಿದ್ದರೆ ಎಲ್ಲದಕ್ಕೂ ಅದೇ ವಾಸನೆ. ಕೊನೆಗೆ ಪೆಟ್ಟಿಗೆ ಮುಚ್ಚಿ ಕಿವಿ ಹತ್ತಿರ ಅಲ್ಲಾಡಿಸಿ ನೋಡಿ. ಸದ್ದು ಬಂದರೆ ಬಿಚ್ಚಿ ಇನ್ನಷ್ಟು ಕಾಗದ ತುರುಕಿ.

ಅಂಚೆಯ ಕೆಲಸ ಅಷ್ಟು ಕಷ್ಟವಲ್ಲ. ಸೇನೆಯ ವಿಳಾಸವಾದರೆ ವಿದೇಶಕ್ಕೆ ಹೋದರೂ ಅಮೆರಿಕದೊಳಗಿನ ದರವೇ. ಸೈನಿಕರಿಗೆ ಕಳಿಸುವ ದೊಡ್ಡ ಫ್ಲಾಟ್ ರೇಟ್ ಪೆಟ್ಟಿಗೆಗೆ, ಅಂದರೆ ತೂಕ ಎಷ್ಟಿದ್ದರೂ ಒಂದೇ ದರದ ಪೆಟ್ಟಿಗೆಗೆ, ಇನ್ನೂ ಸ್ವಲ್ಪ ಕಡಿಮೆ. 70 ಪೌಂಡ್ ಮೀರದಂತೆ ಹಿಡಿಸಿದಷ್ಟು ತುಂಬಬಹುದು. ವಿಳಾಸದಲ್ಲಿ ಮಾತ್ರ ಕುವೈತ್ ಅಂತ ಬರೆಯಬಾರದು! ಊರಿನ ಜಾಗದಲ್ಲಿ ಎಪಿಒ (ಸೇನೆಯ ಅಂಚೆ ಕಚೇರಿ) ಎಂದು ಬರೆದು, ರಾಜ್ಯದ ಜಾಗದಲ್ಲಿ ಸೇನೆಯ ಅಂಚೆಯ ಸಂಕೇತ ಎಇ, ಆಮೇಲೆ ಪಿನ್ ನಂಬರು. ದೇಶದ ಹೆಸರು ಬರೆದರೆ ಸೇನೆಯ ಅಂಚೆ ಬಿಟ್ಟು ಆ ದೇಶದ ಅಂಚೆಗೆ ಸೇರಿಬಿಡಬಹುದು. ಒಳಗೇನಿದೆ ಅಂತ ಕಸ್ಟಮ್ಸ್ ಫಾರ್ಮಿನಲ್ಲಿ ಬರೆಯಬೇಕು. ಆ ಕಡೆಗೆ ಹಂದಿಮಾಂಸ, ಮದ್ಯ ನಡೆಯಲ್ಲ. ಕೇಕಿಗೆ ರಮ್ ಹಾಕುವವರು ನೆನಪಿಡಿ.

"ಯಾರಾದರೂ ಒಬ್ಬ ಸೈನಿಕನಿಗೆ ಅಂತ ಸುಮ್ನೆ ಕಳಿಸಬಹುದಾ?" ಎಂದೂ ಕೇಳುತ್ತಾರೆ. ಮೊದಲು ಆಗುತ್ತಿತ್ತು. 2001ರಲ್ಲಿ ಅಂಚೆಯಲ್ಲಿ ಆಂಥ್ರಾಕ್ಸ್ ಎಂಬ ಮಾರಕ ರೋಗಾಣುವಿನ ಪುಡಿ ಬಂದ ಮೇಲೆ ಅದು ನಿಂತಿತು. ಈಗ ಹೆಸರಿರುವ ಒಬ್ಬರು ಬೇಕು.

ಒಂದು ಸಲ ಜಾಗ ಉಳಿದಿತ್ತು ಅಂತ ಬೆಂಗಳೂರಿನ ಅಯ್ಯಂಗಾರ್ ಬೇಕರಿಗಳಲ್ಲಿ ಸಿಗುವಂಥ ಖಾರಾ ಬಿಸ್ಕತ್ತು ಮಾಡಿ ಹಾಕಿದೆ. ಹಸಿಮೆಣಸಿನಕಾಯಿ, ಕರಿಬೇವು, ಬೆಣ್ಣೆ. ಅರ್ಧ ಪುಡಿಯಾಗಿ ಮುಟ್ಟಿತ್ತು. ಪುಡಿಯನ್ನೂ ಚಮಚದಲ್ಲಿ ತಿಂದರಂತೆ. ಮುಂದಿನ ಸಲ ಅವಳಮ್ಮ ಬೇಲಿಯಾಚೆಯಿಂದ ಚೀಟಿ ಕೊಟ್ಟರು: ಶುಂಠಿಯದ್ದು ಒಂದು ಡಬ್ಬಿ ಸಾಕು, ಹಸಿರು ಚುಕ್ಕೆ ಇರುವುದು ಮೂರು.