ಅಷ್ಟೊಂದು ಗೆರೆ ಹೇಗೆ ನೆನಪಿರುತ್ತದೆ?

ನನ್ನ ಸ್ಟೆನೊ ನೋಟ್‌ಬುಕ್ ಕಂಡವರೆಲ್ಲ ಕೇಳುವುದು ಇದೊಂದೇ. ಇಂಗ್ಲಿಷ್ ಶಾರ್ಟ್‌ಹ್ಯಾಂಡ್, ಅಂದರೆ ಆಡಿದ ಮಾತನ್ನು ಅದೇ ವೇಗದಲ್ಲಿ ಗೆರೆಗಳಲ್ಲಿ ಬರೆದುಕೊಳ್ಳುವ ವಿದ್ಯೆ, ಕಲಿಯಲು ಹೊರಟ ಹುಡುಗರೂ ಮೊದಲ ವಾರವೇ ಅಳುಮುಖ ಮಾಡಿಕೊಂಡು ಕೇಳುತ್ತಾರೆ: ‘ಇಷ್ಟೆಲ್ಲ ಬಾಯಿಪಾಠ ಮಾಡೋದು ಹೇಗೆ ಸಾರ್?’

ಬಾಯಿಪಾಠ ಮಾಡಬೇಡಿ. ಕಿವಿಗೆ ಬಿದ್ದದ್ದು ನೇರ ಕೈಗೆ ಇಳಿಯಬೇಕು, ಅಷ್ಟೇ.

ನಾನು ಕಲಿತದ್ದು ಪಿಟ್ಮನ್ ಪದ್ಧತಿ. ಇಂಗ್ಲೆಂಡಿನ ಐಸಾಕ್ ಪಿಟ್ಮನ್ 1837ರಲ್ಲಿ ಇದನ್ನು ಹೊರತಂದರು. ಇದರಲ್ಲಿ ಸ್ಪೆಲ್ಲಿಂಗ್‌ಗೆ ಬೆಲೆಯಿಲ್ಲ, ಸದ್ದಿಗೆ ಮಾತ್ರ ಬೆಲೆ. ‘ನೈಫ್’ ಅಂದರೆ ನ, ಐ, ಫ. ಮುಂದೆ ಸುಮ್ನೆ ಕೂತಿರುವ ಕೆ ಲೆಕ್ಕಕ್ಕಿಲ್ಲ. ಕನ್ನಡ ಬರೆಯುವವರಿಗೆ ಇದೇನು ಹೊಸದಲ್ಲ. ಇನ್ನೂ ಮಜಾ ಅಂದರೆ, ಪ ಗೆರೆಯನ್ನೇ ಸ್ವಲ್ಪ ಒತ್ತಿ ದಪ್ಪ ಮಾಡಿದರೆ ಬ. ಟ ಒತ್ತಿದರೆ ಡ, ಚ ಒತ್ತಿದರೆ ಜ, ಕ ಒತ್ತಿದರೆ ಗ. ಒಂದನೇ ಕ್ಲಾಸಿನ ವರ್ಗಾಕ್ಷರ ಅಲ್ವಾ ಇದು? ಎಂಟು ಸದ್ದಿಗೆ ನಾಲ್ಕೇ ಆಕಾರ.

ಈ ಒತ್ತು ಕೈಗೆ ಕೂರದೆ ನಾನು ಪಟ್ಟ ಪಾಡು ಹೇಳುತ್ತೇನೆ. ಶುರುವಿನಲ್ಲಿ ಬಾಲ್ ಪೆನ್ನಿನಲ್ಲೇ ಬರೆಯುತ್ತಿದ್ದೆ, ಅದರಲ್ಲಿ ಎಷ್ಟು ಒತ್ತಿದರೂ ದಪ್ಪ-ತೆಳು ಒಂದೇ ಥರ. ‘ಹೀ ಕೇಮ್ ಲೇಟ್’ ಅಂತ ಡಿಕ್ಟೇಶನ್ ಕೊಟ್ಟಿದ್ದನ್ನು ಓದಿ ಹೇಳುವಾಗ ‘ಹೀ ಗೇಮ್ ಲೇಟ್’ ಅಂದೆ. ಇಡೀ ಕ್ಲಾಸು ನಕ್ಕಿತು. ಮರುದಿನವೇ ಪೆನ್ಸಿಲ್ ತಂದೆ.

ಸ್ವರಗಳಿಗೆ ಚುಕ್ಕೆ, ಸಣ್ಣ ಗೀಟು. ‘ಪಾ ಮೇ ವೀ ಆಲ್ ಗೋ ಟೂ’ ಅಂತ ಹಳೇ ಸಾಲೊಂದಿದೆ, ಅದರಲ್ಲಿ ಆರು ದೀರ್ಘ ಸ್ವರಗಳು ಕ್ರಮವಾಗಿ ಬರುತ್ತವೆ. ನಿಜಕ್ಕೂ ಬಾಯಿಪಾಠ ಅಂತ ನಾನು ಮಾಡಿದ್ದು ಅದೊಂದೇ. ಆದರೆ ಸ್ಪೀಡಿನಲ್ಲಿ ಚುಕ್ಕೆ ಇಡಲು ಪುರುಸೊತ್ತೆಲ್ಲಿ? ಸ್ಟಾಫ್ ಸೆಲೆಕ್ಷನ್ ಕಮಿಷನ್ನಿನ ಸ್ಟೆನೊ ಪರೀಕ್ಷೆಯಲ್ಲಿ ಡಿ ಗ್ರೇಡ್‌ಗೆ ನಿಮಿಷಕ್ಕೆ 80 ಪದ, ಸಿ ಗ್ರೇಡ್‌ಗೆ 100, ಅದೂ ಹತ್ತು ನಿಮಿಷ ಬಿಡದೆ. ಆಗ ಕೆಲಸಕ್ಕೆ ಬರುವುದು ಗೆರೆ ಕೂತ ಜಾಗ. ಟ್ಯಾಕ್, ಟೇಕ್, ಟಿಕ್ ಮೂರಕ್ಕೂ ಆಕಾರ ಒಂದೇ. ಸಾಲು ಬಿಟ್ಟು ಮೇಲೆ ಬರೆದರೆ ಟ್ಯಾಕ್, ಸಾಲಿನ ಮೇಲೆ ಕೂರಿಸಿದರೆ ಟೇಕ್, ಸಾಲನ್ನು ಸೀಳಿಕೊಂಡು ಹೋದರೆ ಟಿಕ್.

ಇನ್ನು ಗ್ರಾಮಲಾಗ್‌ಗಳು, ಅಂದರೆ ಪದೇ ಪದೇ ಬರುವ ಪದಗಳ ಗಿಡ್ಡ ರೂಪಗಳು. ಸಾಲಿನ ಮೇಲೆ ಒಂದು ಚುಕ್ಕೆ ಇಟ್ಟರೆ ‘ದಿ’, ಅದೇ ಚುಕ್ಕೆ ಮೇಲಕ್ಕೆ ಹಾರಿದರೆ ‘ಎ’. ಇವನ್ನು ತಿದ್ದಲೇಬೇಕು, ಅಕ್ಕಿಯಲ್ಲಿ ಅಕ್ಷರ ತಿದ್ದಿಸುತ್ತಾರಲ್ಲ ಹಾಗೆ, ಪ್ರತಿ ಸಲವೂ ಪದವನ್ನು ಬಾಯಲ್ಲಿ ಹೇಳುತ್ತಾ. ಹಾಡು ಕೇಳುತ್ತಾ ಒಂದೇ ಗೆರೆಯನ್ನು ನೂರು ಸಲ ಎಳೆದವರನ್ನು ನೋಡಿದ್ದೇನೆ. ಪುಟ ತುಂಬಿರುತ್ತದೆ, ಡಿಕ್ಟೇಶನ್ ಶುರುವಾದರೆ ಕೈ ನಿಂತುಬಿಡುತ್ತದೆ.

ದಿನಾ ಹೊಸ ಪಾಠಕ್ಕೆ ಹಾರಬೇಡಿ. ಒಂದೇ ಪ್ಯಾಸೇಜನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡು ಮೊದಲು ನಿಮಿಷಕ್ಕೆ 60 ಪದದ ಸ್ಪೀಡಿನಲ್ಲಿ ಬರೆಯಿರಿ, ಆಮೇಲೆ 70ರಲ್ಲಿ, ಆಮೇಲೆ 80ರಲ್ಲಿ. ಮರುದಿನ ಅದೇ ಪುಟವನ್ನು ಗಟ್ಟಿಯಾಗಿ ಓದಿ. ಜನ ಸೋಮಾರಿತನ ಮಾಡುವುದು ಇಲ್ಲೇ. ತಾವೇ ಬರೆದದ್ದು ತಮಗೇ ಓದಲು ಬಾರದಿದ್ದರೆ ಆ ಸ್ಪೀಡು ಯಾರಿಗೆ ಬೇಕು?

ಎಷ್ಟು ತಿಂಗಳು ಬೇಕು ಅಂತಲೂ ಕೇಳುತ್ತಾರೆ. ತಿಂಗಳ ಲೆಕ್ಕ ನನಗೆ ಗೊತ್ತಿಲ್ಲ. ನನ್ನ ಕೈಗೆ ಹತ್ತಿದ ದಿನ ಮಾತ್ರ ಗೊತ್ತು. ಬಸ್ಸಿನಲ್ಲಿ ಹಿಂದಿನ ಸೀಟಿನವರು ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದರು, ನನಗೇ ಅರಿವಿಲ್ಲದೆ ಬೆರಳು ತೊಡೆಯ ಮೇಲೆ ಅವರ ಮಾತನ್ನೆಲ್ಲ ಬರೆಯುತ್ತಿತ್ತು. ಪಕ್ಕದಲ್ಲಿದ್ದ ಅಜ್ಜಿ ಸ್ವಲ್ಪ ಹೊತ್ತು ನೋಡಿ ಕೇಳಿದರು: ‘ಯಾಕಪ್ಪ, ಕಾಲು ಜೋಮು ಹಿಡೀತಾ?’