ಗಾಳಿಗೆ ಒಡೆದ ಸಿಮೆಂಟ್ ಶೀಟು ಇಳಿಸುವಾಗ

ಗಾಳಿಮಳೆಗೆ ಮರ ಬಿದ್ದು ಮಾಡಿನ ಶೀಟು ಒಡೆದರೆ ಎಲ್ಲರ ಕೈ ಮೊದಲು ಹೋಗುವುದು ಹಿಡಿಸೂಡಿಗೆ. ಅದೇ ತಪ್ಪು. ಹಳೆಯ ಸಿಮೆಂಟ್ ಶೀಟಿನಲ್ಲಿ ಕಲ್ನಾರು, ಅಂದರೆ ಆಸ್ಬೆಸ್ಟಾಸ್, ಇರುತ್ತದೆ. ಒಣ ಚೂರು ಗುಡಿಸಿದರೆ ಕಣ್ಣಿಗೆ ಕಾಣದ ಎಳೆಗಳು ಎದ್ದು ಶ್ವಾಸಕೋಶಕ್ಕೆ ಇಳಿಯುತ್ತವೆ.

ಮೊದಲು ಮೇನ್ ಸ್ವಿಚ್ ಆಫ್ ಮಾಡಿ. ಬಕೆಟ್ ನೀರಿಗೆ ಒಂದೆರಡು ಚಮಚ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ, ತೋಟಕ್ಕೆ ಮದ್ದು ಹೊಡೆಯಲು ಬಳಸದ ಸ್ಪ್ರೇ ಪಂಪಿನಲ್ಲಿ ಸಣ್ಣಗೆ ಸಿಂಪಡಿಸಿ. ಸೋಪಿದ್ದರೆ ನೀರು ಒಳಗೆ ಇಳಿಯುತ್ತದೆ. ಜೋರು ಪೈಪು ಬೇಡ, ಚೂರು ಚೆದುರುತ್ತದೆ. ಮುಖಕ್ಕೆ ಬೈರಾಸು ಸುತ್ತಿದರೆ ಪ್ರಯೋಜನವಿಲ್ಲ; ಸೂಕ್ಷ್ಮ ಎಳೆಗಳನ್ನೂ ತಡೆಯುವ ಪಿ100 ದರ್ಜೆಯ ಫಿಲ್ಟರಿನ ಮಾಸ್ಕ್ ಬೇಕು. ಗಡ್ಡವಿದ್ದರೆ ಅದೂ ಸರಿಯಾಗಿ ಕೂರದು.

ಶೀಟಿನ ಮೇಲೆ ಕಾಲಿಡಲೇಬೇಡಿ. ಕಲ್ನಾರಿನ ಕಾಯಿಲೆಗೆ ದಶಕಗಳು ಬೇಕು, ಶೀಟು ಮುರಿದು ಕೆಳಗೆ ಬೀಳಲು ಒಂದು ಕ್ಷಣ ಸಾಕು. ಅಟ್ಟಣೆ ಕಟ್ಟಿ ಕೆಳಗಿನಿಂದಲೇ ಕೆಲಸ ಮಾಡಿ. ತುಕ್ಕು ಹಿಡಿದ ಹುಕ್ ಬೋಲ್ಟನ್ನು ಒದ್ದೆ ಮಾಡಿ, ಶೀಟಿಗೆ ತಾಗದಂತೆ ಬೋಲ್ಟ್ ಕಟರಿನಲ್ಲಿ ಕತ್ತರಿಸಿ. ಗ್ರೈಂಡರ್, ಸುತ್ತಿಗೆ ಎರಡೂ ಬೇಡ. ಮೂರು ಮೀಟರ್ ಶೀಟು ಸುಮಾರು 40 ಕೆಜಿ ತೂಗುತ್ತದೆ. ಇಬ್ಬರು ಹಿಡಿದು ಇಡಿಯಾಗಿ ಇಳಿಸಿ, ಎಸೆಯಬೇಡಿ.

ಇಳಿಸಿದ್ದನ್ನು ದಪ್ಪ ಪ್ಲಾಸ್ಟಿಕ್ಕಿನಲ್ಲಿ ಎರಡು ಸುತ್ತು ಸುತ್ತಿ ಟೇಪ್ ಹಾಕಿ. ಚೂರುಗಳನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಬಟ್ಟೆಯನ್ನೂ ಅದೇ ಕಟ್ಟಿಗೆ ಸೇರಿಸಿ. ಅಂಗಳದ ಕೆಸರಿಗೆ ಚೂರು ತುಂಬುವ ಅಭ್ಯಾಸ ನಮ್ಮಲ್ಲಿದೆ. ಬೇಸಿಗೆಯಲ್ಲಿ ಗಾಡಿ ಓಡಾಡಿ ಅದು ಪುಡಿಯಾಗುತ್ತದೆ. ವಿಲೇವಾರಿಗೆ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿಯಲ್ಲಿ ವಿಚಾರಿಸಿ.