ಫೆರಾರಿ ರೈಕೊನೆನ್‌ನನ್ನು ಯಾಕೆ ಬಿಡಲಿಲ್ಲ

ಫಾರ್ಮುಲಾ ಒನ್ ಕಾರ್ ರೇಸಿನಲ್ಲಿ ಪ್ರತಿ ಟೀಮಿಗೂ ಎರಡು ಕಾರು, ಇಬ್ಬರು ಡ್ರೈವರ್‌ಗಳು. ಯಾವುದಾದರೂ ಟೀಮ್ ಹಳೆಯ ಡ್ರೈವರ್‌ನನ್ನೇ ಎರಡನೇ ಕಾರಿಗೆ ಮುಂದುವರಿಸಿದ ಸುದ್ದಿ ಬಂದರೆ ಸಾಕು, ಮೈಸೂರಿನ ಗೆಳೆಯನ ಫೋನ್ ಬರುತ್ತದೆ. "ಅಲ್ಲ ಕಣೋ, ಇವರಿಗೆ ಹೊಸ ಹುಡುಗರು ಯಾರೂ ಸಿಗಲಿಲ್ವಾ?" ಅಂತ. ಫೋನಿನಲ್ಲಿ ಪೂರ್ತಿ ಹೇಳಲು ಆಗುವುದಿಲ್ಲ. ಅದಕ್ಕೇ ಫೆರಾರಿ ಟೀಮಿನ ಕಿಮಿ ರೈಕೊನೆನ್‌ನ ಕಥೆ ಹಿಡಿದು ಇಲ್ಲಿ ಬರೆಯುತ್ತಿದ್ದೇನೆ.

ನಾನಿರುವುದು ಇಟಲಿಯ ಮೊಡೆನಾದಲ್ಲಿ. ಫೆರಾರಿ ಕಾರ್ಖಾನೆಯ ಮರನೆಲ್ಲೋ ಇಲ್ಲಿಂದ ಬಸ್ಸಿನಲ್ಲಿ ಹೋಗಿಬರುವಷ್ಟು ಹತ್ತಿರ. ಆ ಊರಿನಲ್ಲಿ ಫೆರಾರಿ ಗೆದ್ದರೆ ಚರ್ಚಿನ ಗಂಟೆ ಬಾರಿಸುತ್ತಾರೆ. ಪಕ್ಕದಲ್ಲೇ ಫಿಯೊರಾನೊ ಟ್ರ್ಯಾಕ್ ಇದೆ, ಅಲ್ಲಿ ಕಾರು ಓಡಿಸಿದರೆ ಸದ್ದು ರಸ್ತೆಗೆ ಕೇಳುತ್ತದೆ. ಇಲ್ಲಿ ಬಾರ್ ಅಂದರೆ ಕಾಫಿ ಅಂಗಡಿಯೂ ಹೌದು. ಕೌಂಟರಿನ ಮುಂದೆ ನಿಂತು ಕಾಫಿ ಕುಡಿಯುತ್ತಾ, ಗುಲಾಬಿ ಬಣ್ಣದ ಗಜೆಟ್ಟಾ ಪೇಪರ್ ತಿರುವುತ್ತಾ, ಜನ ಡ್ರೈವರ್‌ಗಳ ಬಗ್ಗೆ ಮಾತಾಡುವುದನ್ನು ಕೇಳಿದರೆ ಅವರ ಮನೆಯವರ ಬಗ್ಗೆಯೇ ಮಾತಾಡುತ್ತಿದ್ದಾರೆ ಅನಿಸುತ್ತದೆ.

2017ರ ಆಗಸ್ಟ್ 22ರಂದು, ಅರ್ಧ ಇಟಲಿ ರಜೆಯಲ್ಲಿದ್ದಾಗ, ಕಿಮಿ ರೈಕೊನೆನ್ 2018ಕ್ಕೂ ನಮ್ಮಲ್ಲೇ ಇರುತ್ತಾನೆ ಅಂತ ಫೆರಾರಿ ಹೇಳಿತು. ಬಾರಿನಲ್ಲಿ ತುಂಬಾ ಜನಕ್ಕೆ ಇಷ್ಟವಾಗಲಿಲ್ಲ. ಅವರ ಲೆಕ್ಕ ಸುಳ್ಳೂ ಅಲ್ಲ. ಆಗ ಫೆರಾರಿಯ ಇನ್ನೊಬ್ಬ ಡ್ರೈವರ್ ವೆಟ್ಟೆಲ್ 202 ಅಂಕ ಗಳಿಸಿ ಚಾಂಪಿಯನ್‌ಶಿಪ್‌ನಲ್ಲಿ ಮುಂದಿದ್ದ, ಅದೇ ಕಾರಿನಲ್ಲಿ ಕಿಮಿಯದು 116. ವಯಸ್ಸು 37. 2014ರಲ್ಲಿ ಫೆರಾರಿಗೆ ವಾಪಸ್ ಬಂದ ಮೇಲೆ ಒಂದೂ ರೇಸ್ ಗೆದ್ದಿರಲಿಲ್ಲ, ಕೊನೆಯ ಗೆಲುವು 2013ರ ಆಸ್ಟ್ರೇಲಿಯಾದಲ್ಲಿ, ಅದೂ ಲೋಟಸ್ ಕಾರಿನಲ್ಲಿ. ನಮ್ಮ ಕಟ್ಟಡದ ಕೆಳಗಿನ ಮನೆಯ ಹಿರಿಯರೊಬ್ಬರಿಗೆ ಇಟಲಿಯ ಹುಡುಗ ಆಂಟೋನಿಯೊ ಜೊವಿನಾಝಿ ಬರಬೇಕು ಅಂತ ಬಹಳ ಆಸೆ. ನಮ್ಮವನೇ ಒಬ್ಬ ಇರುವಾಗ ಫಿನ್‌ಲ್ಯಾಂಡಿನವನು ಯಾಕೆ ಅಂತ ಅವರು. ಅವರ ಆಸೆ ನನಗೆ ಅರ್ಥವಾಗುತ್ತದೆ. ಆದರೂ ಫೆರಾರಿ ಮಾಡಿದ್ದು ಸರಿ ಅಂತಲೇ ನನ್ನ ಅಭಿಪ್ರಾಯ.

ಆ ಸುದ್ದಿಗೆ ಮೂರು ವಾರ ಹಿಂದೆ ಹಂಗೇರಿಯಲ್ಲಿ ನಡೆದ ರೇಸ್ ನೋಡಿ. ಮುಂದಿದ್ದ ವೆಟ್ಟೆಲ್‌ನ ಸ್ಟಿಯರಿಂಗ್ ಒಂದು ಕಡೆಗೆ ವಾಲಿಕೊಂಡಿತ್ತು, ಟ್ರ್ಯಾಕಿನ ಅಂಚು ಹತ್ತಿಸದೆ ಹುಷಾರಾಗಿ ಓಡಿಸಬೇಕಾಗಿತ್ತು. ಹಿಂದೆ ಕಿಮಿ. ಅವನಿಗೆ ಜಾಸ್ತಿ ವೇಗವಿತ್ತು, ಅದನ್ನು ರೇಡಿಯೊದಲ್ಲಿ ಹೇಳಿದ ಕೂಡ. ಅವನ ಬೆನ್ನಿಗೇ ಎದುರಾಳಿ ಮರ್ಸಿಡಿಸ್ ಟೀಮಿನ ಹ್ಯಾಮಿಲ್ಟನ್. ವೆಟ್ಟೆಲ್‌ನನ್ನು ದಾಟದೆ, ಹ್ಯಾಮಿಲ್ಟನ್‌ಗೂ ಜಾಗ ಕೊಡದೆ, ಅಷ್ಟು ಸುತ್ತು ಅವರಿಬ್ಬರ ನಡುವೆ ಒಂದು ತಪ್ಪೂ ಮಾಡದೆ ಓಡಿಸುವುದು ಸುಲಭ ಅಲ್ಲ. ವೆಟ್ಟೆಲ್ ಮೊದಲು, ಕಿಮಿ ಎರಡನೆಯವನು. ಅಂಕಪಟ್ಟಿಯಲ್ಲಿ ಇದು ಬರೀ ಎರಡನೇ ಸ್ಥಾನ. ಹೆಸರು ಮಾಡಬೇಕು ಅನ್ನುವ 22ರ ಹುಡುಗನೊಬ್ಬ ಅಲ್ಲಿದ್ದಿದ್ದರೆ ಸುಮ್ನೆ ಹಿಂದೆ ಇರುತ್ತಿದ್ದನಾ? ನನಗೆ ನಂಬಿಕೆ ಇಲ್ಲ.

2003ರ ವಿಶ್ವಕಪ್‌ನಲ್ಲಿ ದ್ರಾವಿಡ್ ಗ್ಲವ್ಸ್ ಹಾಕಿಕೊಂಡು ವಿಕೆಟ್ ಹಿಂದೆ ನಿಂತಿದ್ದು ನಿಮಗೆ ನೆನಪಿರಬೇಕು. ತಂಡಕ್ಕೆ ಇನ್ನೊಬ್ಬ ಬ್ಯಾಟ್ಸ್‌ಮನ್ ಸಿಗಲಿ ಅಂತ. ಅದರಿಂದ ಅವರ ಖಾತೆಗೆ ಒಂದು ರನ್ನೂ ಸೇರಲಿಲ್ಲ. ಎರಡನೇ ಡ್ರೈವರ್‌ನ ಕೆಲಸವೂ ಆ ಥರದ್ದು.

ಆದರೆ ಒಂದು ವಿಷಯದಲ್ಲಿ ನನಗೆ ಫೆರಾರಿ ಮೇಲೆ ಈಗಲೂ ಬೇಸರವಿದೆ. ಅದೇ ವರ್ಷ ಮೊನಾಕೊದಲ್ಲಿ ಕಿಮಿ ಪೋಲ್ ಪೊಸಿಷನ್, ಅಂದರೆ ಎಲ್ಲರಿಗಿಂತ ಮುಂದೆ ಹೊರಡುವ ಜಾಗ, ಪಡೆದ, 2008ರ ನಂತರ ಮೊದಲ ಸಲ. ಆ ಸಣ್ಣ ಬೀದಿಗಳಲ್ಲಿ ಯಾರನ್ನಾದರೂ ದಾಟುವುದೇ ಕಷ್ಟ, ಮುಂದೆ ಹೊರಟವನು ಅರ್ಧ ಗೆದ್ದ ಹಾಗೆ. ಟೀಮ್ ಅವನನ್ನು ಮೊದಲು ಟೈರ್ ಬದಲಿಸಲು ಕರೆಯಿತು, ಹೊರಗೆ ಬಂದರೆ ಎದುರಿಗೆ ನಿಧಾನದ ಕಾರುಗಳು. ವೆಟ್ಟೆಲ್ ಹೊರಗೇ ಉಳಿದು ಖಾಲಿ ಟ್ರ್ಯಾಕಿನಲ್ಲಿ ಜೋರಾಗಿ ಓಡಿಸಿದ, ಆಮೇಲೆ ಟೈರ್ ಬದಲಿಸಿಕೊಂಡು ಕಿಮಿಯ ಮುಂದೆ ಬಂದ. 2001ರ ನಂತರ ಮೊನಾಕೊದಲ್ಲಿ ಫೆರಾರಿಗೆ ಸಿಕ್ಕ ಮೊದಲ ಗೆಲುವು ಅದು, ಇಲ್ಲಿ ಎಲ್ಲರಿಗೂ ಖುಷಿ. ಪೋಡಿಯಂನಲ್ಲಿ ಕಿಮಿಯ ಮುಖ ನೋಡಿ ನನಗೆ ಹೊಟ್ಟೆಯಲ್ಲಿ ಸಂಕಟವಾಯಿತು. ಬೇಕಂತಲೇ ಮಾಡಿದರು ಅಂತ ನಾನು ಹೇಳುವುದಿಲ್ಲ. ಆದರೆ ಅನುಭವಿಯನ್ನು ಇಟ್ಟುಕೊಂಡ ಮೇಲೆ ಅವನು ಗೆಲ್ಲಬಹುದಾದ ದಿನ ಅವನ ಪರವಾಗಿಯೂ ಯೋಚಿಸಬೇಕು, ಅಲ್ವಾ?

ಇನ್ನು 2018ರ ಸೆಪ್ಟೆಂಬರ್ 2, ಇಟಲಿಯ ಮೊಂಜಾ. ಹಿಂದಿನ ದಿನದ ಅರ್ಹತಾ ಸುತ್ತಿನಲ್ಲಿ ಕಿಮಿಗೆ ಮತ್ತೆ ಪೋಲ್. 1 ನಿಮಿಷ 19.119 ಸೆಕೆಂಡ್, ಗಂಟೆಗೆ 263 ಕಿಲೋಮೀಟರ್‌ಗೂ ಹೆಚ್ಚಿನ ಸರಾಸರಿ, ಆವರೆಗಿನ ಫಾರ್ಮುಲಾ ಒನ್ ಇತಿಹಾಸದಲ್ಲೇ ಅತಿ ವೇಗದ ಸುತ್ತು. ರೇಸಿನ ಮೊದಲ ಸುತ್ತಿನಲ್ಲೇ ವೆಟ್ಟೆಲ್ ಹ್ಯಾಮಿಲ್ಟನ್‌ಗೆ ತಾಗಿ ತಿರುಗಿಬಿಟ್ಟ. ಫೆರಾರಿಯ ಪೂರ್ತಿ ಭಾರ ಈಗ ಮುದುಕ ಅಂತ ಎಲ್ಲರೂ ಬೈಯುತ್ತಿದ್ದವನ ಮೇಲೆ. ಕಿಮಿ ಟೈರ್ ಬದಲಿಸಿ ಬಂದರೆ ಮುಂದೆ ಯಾರು? ಮರ್ಸಿಡಿಸ್‌ನ ಎರಡನೇ ಡ್ರೈವರ್ ಬೊಟ್ಟಾಸ್. ಅವನನ್ನು ಟೈರ್ ಬದಲಿಸಲು ಕರೆಯದೆ ಟ್ರ್ಯಾಕಿನಲ್ಲೇ ಉಳಿಸಿಕೊಂಡಿದ್ದರು. ಅವನ ಹಿಂದೆ ಸಿಕ್ಕಿಕೊಂಡು ಕಿಮಿಯ ಟೈರ್‌ಗಳು ಹಾಳಾದವು, ಹ್ಯಾಮಿಲ್ಟನ್ ಹತ್ತಿರ ಬಂದ, ಕೊನೆಗೆ ದಾಟಿಯೂ ಬಿಟ್ಟ. ಬೊಟ್ಟಾಸ್‌ಗೆ ಸಿಕ್ಕಿದ್ದು ಮೂರನೇ ಸ್ಥಾನ ಮಾತ್ರ. ಆದರೆ ಫೆರಾರಿಯ ಸ್ವಂತ ಊರಿನಂಥ ಟ್ರ್ಯಾಕಿನಲ್ಲಿ ಫೆರಾರಿಯ ಗೆಲುವನ್ನು ತಡೆದದ್ದರಲ್ಲಿ ಅವನ ಪಾಲು ದೊಡ್ಡದು. ಎರಡನೇ ಡ್ರೈವರ್ ಯಾಕೆ ಬೇಕು ಅಂತ ಕೇಳುವವರಿಗೆ ನಾನು ಈ ರೇಸ್ ತೋರಿಸುತ್ತೇನೆ.

ಒಂಬತ್ತು ದಿನ ಬಿಟ್ಟು, ಮುಂದಿನ ವರ್ಷ ಕಿಮಿಯ ಜಾಗಕ್ಕೆ ಶಾರ್ಲ್ ಲೆಕ್ಲೇರ್ ಬರುತ್ತಾನೆ ಅಂತ ಫೆರಾರಿ ಹೇಳಿತು. ಲೆಕ್ಲೇರ್‌ನಂಥ ಹುಡುಗ ತಯಾರಾಗಿರುವಾಗ ಬದಲಿಸಿದ್ದೂ ಸರಿಯೇ. ಒಂದು ವರ್ಷ ಮುಂಚೆ ಅವನು ಇನ್ನೂ ಒಂದು ಹಂತ ಕೆಳಗಿನ ಫಾರ್ಮುಲಾ ಟೂನಲ್ಲಿ ಓಡಿಸುತ್ತಿದ್ದ. ಹೊರಡುವ ಮುಂಚೆ, ಅಕ್ಟೋಬರ್ 21ರಂದು, ಅಮೆರಿಕದ ಆಸ್ಟಿನ್‌ನಲ್ಲಿ ಕಿಮಿ ಗೆದ್ದ. ಐದು ವರ್ಷಕ್ಕೂ ಜಾಸ್ತಿ ಕಾದ ಗೆಲುವು. ಆ ವರ್ಷ 251 ಅಂಕ, ಚಾಂಪಿಯನ್‌ಶಿಪ್‌ನಲ್ಲಿ ಮೂರನೇ ಸ್ಥಾನ.

ಕೆಳಗಿನ ಮನೆಯ ಹಿರಿಯರಿಗೆ ಜೊವಿನಾಝಿಯನ್ನು ಪೂರ್ತಿ ಸೀಸನ್ ನೋಡುವ ಅವಕಾಶ 2019ರಲ್ಲಿ ಸಿಕ್ಕಿತು, ಆಲ್ಫಾ ರೋಮಿಯೊ ಟೀಮಿನಲ್ಲಿ. ಜೊತೆಗಿದ್ದವನು ಕಿಮಿಯೇ. ಆ ವರ್ಷ ಜೊವಿನಾಝಿಗೆ 14 ಅಂಕ, ಕಿಮಿಗೆ 43. ಹಿರಿಯರು ಅದಾದ ಮೇಲೂ ತಮ್ಮ ಹುಡುಗನ ಪಕ್ಷ ಬಿಡಲಿಲ್ಲ, ಆದರೆ ಕಿಮಿಗೆ ಬೈಯುವುದನ್ನು ನಿಲ್ಲಿಸಿದರು.